ಸಿಕ್ಕಿಕೊಂಡ ಉಸಿರು
(ಅಪ್ಸರಕೊಂಡದಲ್ಲಿ ನೀಡಿದ ಉಪನ್ಯಾಸ)



ಜಲಪಾತದ ಮೆಟ್ಟಿಲುಗಳನ್ನು ಹತ್ತಿ ಬಂದ ನೀವೆಲ್ಲರೂ ಏದುಸಿರು ಬಿಡುತ್ತಿರುವಿರಿ. ಇದು ಎರಡು ನಿಮಿಷಗಳಲ್ಲಿ ತಣಿಯುವ ಆಯಾಸ. ಆಸ್ತಮಾ, ಅಂದರೆ ನಮ್ಮವರ ಮಾತಿನ ಉಬ್ಬಸ, ಬೇರೆಯೇ ಬಗೆಯದು.

ಸಹಜ ಉಸಿರಾಟದಲ್ಲಿ ವಪೆ ಕೆಳಗಿಳಿದಾಗ ಗಾಳಿ ಒಳಬರುತ್ತದೆ. ಹೊರಹೋಗಲು ಶ್ರಮವೇ ಬೇಕಿಲ್ಲ, ಹಿಗ್ಗಿದ ಶ್ವಾಸಕೋಶ ತಾನಾಗಿಯೇ ಕುಗ್ಗುತ್ತದೆ. ಉಬ್ಬಸದಲ್ಲಿ ಶ್ವಾಸನಾಳಗಳ ಒಳಪದರ ಊದಿಕೊಂಡು, ಸುತ್ತಲಿನ ಸ್ನಾಯು ಬಿಗಿದು, ಲೋಳೆ ಕಟ್ಟುತ್ತದೆ. ನಾಳದ ವ್ಯಾಸ ಅರ್ಧಕ್ಕಿಳಿದರೆ ಗಾಳಿಗೆ ಒದಗುವ ತಡೆ ಇಮ್ಮಡಿಯಲ್ಲ, ಸುಮಾರು 16 ಪಟ್ಟು. ಗಾಳಿ ಸಾಲದೆಂದು ರೋಗಿಗೆ ಅನಿಸುತ್ತದೆ. ವಾಸ್ತವದಲ್ಲಿ ಒಳಹೊಕ್ಕ ಗಾಳಿಯೇ ಹೊರಬರಲಾರದೆ ಸಿಕ್ಕಿಕೊಂಡಿರುತ್ತದೆ.

ನಾನು ಬೆಳೆಗಳ ರೋಗವನ್ನು ಓದಿದವನು, ವೈದ್ಯನಲ್ಲ. ಆದರೂ ಅಡಿಕೆಯ ಕೊಳೆರೋಗವನ್ನು ದೂರದಿಂದಲೇ ಗುರುತಿಸುವ ನನಗೆ, ಆಷಾಢದಲ್ಲಿ ಅಟ್ಟದಿಂದ ಬೂಷ್ಟು ಹಿಡಿದ ಹುಲ್ಲಿಳಿಸಿದ ದಿನವೇ ತಂದೆಯವರಿಗೆ ಉಬ್ಬಸವೇಳುತ್ತದೆಂಬುದು ಬಹುಕಾಲ ಹೊಳೆಯಲಿಲ್ಲ. ಬೂಷ್ಟಿನ ಕಣ್ಣಿಗೆ ಕಾಣದ ಬೀಜಕಣಗಳು ಕೆರಳಿಸುತ್ತಿದ್ದುದು ಆ ನಾಳಗಳನ್ನೇ.

ಇನ್‌ಹೇಲರ್ ಚಟವಾಗುತ್ತದೆಂದು ಅವರು ಅಂಜಿದ್ದರು. ಅದರ ಔಷಧಿ ಮಾತ್ರೆಯಂತೆ ಮಿಲಿಗ್ರಾಂ ಅಲ್ಲ, ಮೈಕ್ರೋಗ್ರಾಂ ಲೆಕ್ಕದ್ದು. ನೇರ ನಾಳಕ್ಕೇ ತಲುಪುತ್ತದೆ. ತಕ್ಷಣ ನಾಳ ಸಡಿಲಿಸುವ ಔಷಧಿಯೊಂದನ್ನೇ ನೆಚ್ಚಬಾರದು, ಊತ ತಗ್ಗಿಸುವ ಸ್ಟೀರಾಯ್ಡ್ ಕೂಡ ಜೊತೆಗಿರಬೇಕೆಂದು ಅಂತಾರಾಷ್ಟ್ರೀಯ ಮಾರ್ಗಸೂಚಿ 2019ರಿಂದ ಹೇಳುತ್ತಿದೆ.

ಈಗ ಅಟ್ಟ ಹತ್ತುವವನು ನಾನು; ಹುಲ್ಲು ಇಳಿಯುವ ಹೊತ್ತಿಗೆ ತಂದೆಯವರು ಜಗಲಿಯಿಂದಾಚೆ ಹೋಗಿರುತ್ತಾರೆ.