ನಾಟಿಯ ಕಾಲದಲ್ಲೊಂದು ಆಪರೇಷನ್



ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆಂದರೆ ಸಿಂಧನೂರು ಸೀಮೆಯಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ಅಂಥ ಒಂದು ನಾಟಿಯ ಕಾಲದಲ್ಲಿ ಗೊರೇಬಾಳದ ಕಡೆಯ ಹೆಣ್ಣುಮಗಳೊಬ್ಬರು ಅತ್ತೆಯನ್ನು ಕರೆದುಕೊಂಡು ನನ್ನ ಹತ್ತಿರ ಬಂದರು. ನಲವತ್ತರ ಆಸುಪಾಸಿನ ವಯಸ್ಸು. ಆರು ತಿಂಗಳಿಂದ 'ಗ್ಯಾಸ್' ಎಂದು ಮೆಡಿಕಲ್ ಅಂಗಡಿಯ ಗುಳಿಗೆ ನುಂಗುತ್ತಿದ್ದರು. ಮಿರ್ಚಿ ತಿಂದ ರಾತ್ರಿ ಬಲಪಕ್ಕೆಯ ಕೆಳಗೆ ಹಿಂಡಿದಂಥ ನೋವು ಬರುತ್ತಿತ್ತು, ಬೆನ್ನಿಗೆ, ಬಲ ಹೆಗಲಿಗೆ ಹತ್ತುತ್ತಿತ್ತು. ಎರಡು ಮೂರು ತಾಸು ಕಾಡಿ ತಾನೇ ಇಳಿಯುತ್ತಿತ್ತು. ಸ್ಕ್ಯಾನಿಂಗ್ ಮಾಡಿಸಿದರೆ ಪಿತ್ತಕೋಶದ ತುಂಬ ಕಲ್ಲು.

ಕಲ್ಲು ಎಂದ ಕೂಡಲೇ ಅತ್ತೆ ಕೇಳಿದ್ದು, "ಬಾಳಿದಿಂಡಿನ ರಸ ಕುಡಿಸಿದ್ರ ಕರಗಂಗಿಲ್ಲೇನ್ರೀ?" ಬಹಳ ಮಂದಿ ಕೇಳುವ ಪ್ರಶ್ನೆ ಇದು. ಬಾಳೆದಿಂಡಿನ ಮಾತು ಬಂದಿರುವುದು ಮೂತ್ರಪಿಂಡದ ಕಲ್ಲಿನಿಂದ. ಪಿತ್ತಕೋಶದ ಕಲ್ಲೇ ಬೇರೆ. ಯಕೃತ್ತು ಮಾಡುವ ಪಿತ್ತರಸವನ್ನು ಊಟದ ಹೊತ್ತಿನವರೆಗೆ ಕೂಡಿಟ್ಟುಕೊಳ್ಳುವ ಸಣ್ಣ ಬದನೆಕಾಯಿಯಂಥ ಚೀಲ ಪಿತ್ತಕೋಶ. ಆ ರಸದೊಳಗಿನ ಕೊಬ್ಬಿನಂಶವೇ ಹೆಚ್ಚಾಗಿ ಗಟ್ಟಿಯಾಗಿ ಕಲ್ಲಾಗುತ್ತದೆ. ಕುಡಿದ ರಸ ಅಲ್ಲಿಗೆ ಹೋಗಿ ಅದನ್ನು ಕರಗಿಸುವುದಿಲ್ಲ. ಬರೀ ಕಲ್ಲು ತೆಗೆದರೆ ಮತ್ತೆ ಹುಟ್ಟುತ್ತವೆ, ಆದ್ದರಿಂದ ಚೀಲವನ್ನೇ ತೆಗೆಯುತ್ತೇವೆ. ಆಮೇಲೆ ಪಿತ್ತರಸ ನೇರವಾಗಿ ಕರುಳಿಗೆ ಇಳಿಯುತ್ತದೆ, ಊಟ ಜೀರ್ಣವಾಗುತ್ತದೆ. ಸ್ಕ್ಯಾನಿಂಗಿನಲ್ಲಿ ಕಲ್ಲು ಕಂಡರೂ ಎಂದೂ ನೋವು ಬಾರದವರಿಗೆ ಸಾಮಾನ್ಯವಾಗಿ ಆಪರೇಷನ್ ಬೇಕಾಗುವುದೇ ಇಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ವರದಿ ಹಿಡಿದುಕೊಂಡು ಹೆದರಿ ಬರುವವರು ಬಹಳ.

ಇಷ್ಟೆಲ್ಲ ಹೇಳಿ ಮುಗಿಸಿದ ಮೇಲೆ ಸೊಸೆ ಒಂದೇ ಮಾತು ಕೇಳಿದರು: "ಎಷ್ಟ್ ದಿನ ಮನ್ಯಾಗ ಕೂಡಬೇಕ್ರೀ?"

ಇವತ್ತಿನ ನನ್ನ ಮಾತೆಲ್ಲ ಆ ಪ್ರಶ್ನೆಯ ಸುತ್ತಲೇ ಇದೆ. ಹಿಂದೆ ಈ ಆಪರೇಷನ್ನಿಗೆ ಪಕ್ಕೆಲುಬಿನ ಕೆಳಗೆ ಗೇಣುದ್ದ ಕೊಯ್ಯುತ್ತಿದ್ದೆವು. ಚರ್ಮದ ಕೆಳಗಿನ ಸ್ನಾಯುವನ್ನೂ ಕೊಯ್ದಿರುವುದರಿಂದ ಅದು ಕೂಡಿಕೊಳ್ಳಬೇಕು. ನಾಲ್ಕರಿಂದ ಆರು ವಾರ ತುಂಬಿದ ಕೊಡ ಎತ್ತುವಂತಿಲ್ಲ. ದಿನಗೂಲಿಯವರಿಗೆ ಆರು ವಾರವೆಂದರೆ ಒಂದು ಹಂಗಾಮೇ ಹೋದಂತೆ.

ಈಗ ಮಾಡುವುದನ್ನು ನಮ್ಮ ಕಡೆ ದುರ್ಬೀನು ಆಪರೇಷನ್ ಎನ್ನುತ್ತಾರೆ, ಲ್ಯಾಪ್ರೋಸ್ಕೋಪಿ ಎಂದರೂ ತಿಳಿಯುತ್ತದೆ. ಹೊಕ್ಕುಳಿನ ಹತ್ತಿರ ಒಂದು ಸೆಂಟಿಮೀಟರಿನ ತೂತು, ಮೇಲೆ ಅಂಥದೇ ಇನ್ನೊಂದು, ಬಲಕ್ಕೆ ಅದರ ಅರ್ಧದಷ್ಟಿನ ಎರಡು. ಮೊದಲು ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬುತ್ತೇವೆ. ಹಂಚಿನ ಮೇಲೆ ಜೋಳದ ರೊಟ್ಟಿ ಉಬ್ಬಿದಾಗ ಎರಡು ಪದರ ಬೇರೆಯಾಗಿ ನಡುವೆ ಜಾಗ ಆಗುತ್ತದಲ್ಲ, ಹಾಗೆಯೇ ಹೊಟ್ಟೆಯ ಗೋಡೆ ಮೇಲೆದ್ದು, ಕರುಳು ಕೆಳಗುಳಿದು, ನಡುವೆ ಕೆಲಸ ಮಾಡಲು ಜಾಗವಾಗುತ್ತದೆ. ಈ ಅನಿಲವೇ ಏಕೆಂದರೆ ಅದು ಹೊತ್ತಿಕೊಳ್ಳುವುದಿಲ್ಲ, ರಕ್ತದಲ್ಲಿ ಬೇಗ ಕರಗಿ ಉಸಿರಿನಲ್ಲಿ ಹೊರಹೋಗುತ್ತದೆ. ಮರುದಿನ ಕೆಲವರು "ಹೊಟ್ಟಿ ಬಿಟ್ಟು ಹೆಗಲ್ಯಾಕ ನೋಯ್ತದ?" ಎನ್ನುತ್ತಾರೆ. ಅನಿಲ ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಪದರವನ್ನು, ಒತ್ತಿರುತ್ತದೆ. ವಪೆಯ ನರವೂ ಹೆಗಲಿನ ನರವೂ ಕುತ್ತಿಗೆಯ ಒಂದೇ ಕಡೆಯಿಂದ ಹೊರಡುವುದರಿಂದ ಮೆದುಳಿಗೆ ಹೆಗಲೇ ನೋಯುತ್ತಿದೆ ಎನಿಸುತ್ತದೆ. ಒಂದೆರಡು ದಿನದಲ್ಲಿ ಹೋಗುತ್ತದೆ.

ಕ್ಯಾಮೆರಾ ಒಳಗೆ ಹೋದ ಗಳಿಗೆಯನ್ನು ಎಷ್ಟು ಸಲ ಕಂಡರೂ ನನಗೆ ಹಳತಾಗಿಲ್ಲ. ಒಳಗಿನ ಬಿಸಿಗೆ ಗಾಜು ಮಸುಕಾಗುತ್ತದೆ, ಹೊರಗೆ ತೆಗೆದು ಬಿಸಿನೀರಲ್ಲಿ ಅದ್ದಿ ಒರೆಸಿ ಮತ್ತೆ ಇಳಿಸಬೇಕು. ಆಗ ಪರದೆಯ ಮೇಲೆ ಕೆಂಗಂದು ಬಣ್ಣದ ಯಕೃತ್ತು ನೆನೆದ ಕಲ್ಲಿನಂತೆ ಹೊಳೆಯುತ್ತದೆ. ಅದರ ಅಂಚಿನಡಿ ನೀಲಿ ಹಸಿರು ಪಿತ್ತಕೋಶ, ಸುತ್ತ ಹಳದಿ ಕೊಬ್ಬು. ಬರಿಗಣ್ಣಿಗೆ ಕಾಣದ ಎಳೆ ರಕ್ತನಾಳ ಇಲ್ಲಿ ದಾರದಷ್ಟು ದಪ್ಪ ಕಾಣುತ್ತದೆ.

ಆದರೆ ಅಪಾಯವೂ ಅಲ್ಲೇ ಇದೆ. ಪಿತ್ತಕೋಶದ ಸಣ್ಣ ನಾಳದ ಪಕ್ಕದಲ್ಲೇ ಯಕೃತ್ತಿನಿಂದ ಕರುಳಿಗೆ ಹೋಗುವ ಮುಖ್ಯ ನಾಳವಿದೆ. ಕೊಬ್ಬಿನ ಮರೆಯಲ್ಲಿ ಒಂದನ್ನು ಇನ್ನೊಂದೆಂದು ತಿಳಿದು ಕತ್ತರಿಸಿದರೆ ರೋಗಿ ವರ್ಷಗಟ್ಟಲೆ ನರಳಬೇಕಾಗುತ್ತದೆ. 1995ರಲ್ಲಿ ಅಮೆರಿಕದ ಸರ್ಜನ್ ಸ್ಟೀವನ್ ಸ್ಟ್ರಾಸ್‌ಬರ್ಗ್ ಒಂದು ಕಟ್ಟುನಿಟ್ಟಿನ ನಿಯಮವನ್ನು ವಿವರಿಸಿದರು: ಕೊಬ್ಬನ್ನೆಲ್ಲ ಬಿಡಿಸಿ, ಪಿತ್ತಕೋಶದ ಬುಡವನ್ನು ಯಕೃತ್ತಿನಿಂದ ಬೇರ್ಪಡಿಸಿ, ಚೀಲಕ್ಕೆ ಸೇರುವುದು ಎರಡೇ ಎರಡು ಎಳೆ ಎಂದು ಕಣ್ಣಾರೆ ಕಾಣುವವರೆಗೆ ಕತ್ತರಿ ಆಡಿಸಬಾರದು. ಇವತ್ತು ಕಂಪ್ಯೂಟರಿಗೆ ಆಪರೇಷನ್ ವಿಡಿಯೋಗಳನ್ನು ತೋರಿಸಿ, ಎಲ್ಲಿ ಕೈ ಹಾಕಬಹುದು, ಎಲ್ಲಿ ಬಾರದು ಎಂದು ಪರದೆಯ ಮೇಲೆ ಬಣ್ಣದಲ್ಲಿ ಗುರುತಿಸಲು ಕಲಿಸುತ್ತಿದ್ದಾರೆ. ಇಂಡೋಸಯನೈನ್ ಗ್ರೀನ್ ಎಂಬ ಬಣ್ಣವನ್ನು ರಕ್ತಕ್ಕೆ ಕೊಟ್ಟರೆ ಅದು ಪಿತ್ತರಸಕ್ಕೆ ಸೇರಿ, ವಿಶೇಷ ಬೆಳಕಿನ ಕ್ಯಾಮೆರಾದಲ್ಲಿ ನಾಳವನ್ನೇ ಹಸಿರಾಗಿ ಹೊಳೆಯಿಸುತ್ತದೆ. ಇವೆಲ್ಲ ನೆರವೇ ಹೌದು. ಆದರೂ ಸರಿಯಾಗಿ ಕಾಣದಿದ್ದಾಗ ತೂತು ಬಿಟ್ಟು ಹೊಟ್ಟೆ ತೆರೆಯುವ ಸರ್ಜನ್ ಸೋತವನಲ್ಲ, ಅವನು ನಿಮ್ಮ ಜೀವ ಕಾಯ್ದವನು.

ಆಪರೇಷನ್ ಹೇಗೆ ಮಾಡುತ್ತೇವೆಂದು ವಿವರಿಸುವಾಗ ಅತ್ತೆ ನಡುವೆ ಬಾಯಿ ಹಾಕಿದರು: "ಇದು ಗೊತ್ತದ ಬಿಡ್ರೀ, ನಂದು ಮಕ್ಕಳಾಗದ ಆಪರೇಷನ್ ಇದರಾಗೇ ಆಗ್ಯಾದ." ನಿಜ. ನಮ್ಮ ಹಳ್ಳಿಗಳಿಗೆ ಈ ದುರ್ಬೀನು ಮೊದಲು ಬಂದದ್ದು ಸಂತಾನಹರಣ ಶಿಬಿರಗಳಲ್ಲಿ. ಸರ್ಕಾರದ ಗುರಿ ಮುಟ್ಟಲು ಸಾಲಾಗಿ ಮಲಗಿಸಿದ ಹೆಣ್ಣುಮಕ್ಕಳ ಮೇಲೆ ಅದು ಓಡಾಡಿತು. ಅದೇ ಹೆಣ್ಣುಮಕ್ಕಳ ಹೊಟ್ಟೆನೋವಿಗೆ ಅದು ಒದಗಲು ಎಷ್ಟೋ ವರ್ಷ ಬೇಕಾಯಿತು. ಇದು ನನ್ನ ಮನಸ್ಸಿಗೆ ಬಹಳ ನೋವು ಕೊಡುವ ಸಂಗತಿ.

ಬೇರೆ ಕಡೆಯೂ ಇದು ಸಲೀಸಾಗಿ ಬೆಳೆಯಲಿಲ್ಲ. 1901ರಲ್ಲಿ ಜರ್ಮನಿಯ ಕೆಲ್ಲಿಂಗ್ ನಾಯಿಯ ಹೊಟ್ಟೆಗೆ ಗಾಳಿ ತುಂಬಿ ಒಳಗೆ ನೋಡಿದರು. ಅಲ್ಲಿಯ ಕರ್ಟ್ ಸೆಮ್ 1980ರಲ್ಲಿ ಅಪೆಂಡಿಕ್ಸನ್ನು ಹೀಗೆ ತೆಗೆದಾಗ ಜೊತೆಯವರೇ ಮೈಮೇಲೆ ಬಿದ್ದರು. 1985ರಲ್ಲಿ ಎರಿಕ್ ಮ್ಯೂಹೆ ಮೊದಲ ಬಾರಿ ಪಿತ್ತಕೋಶ ತೆಗೆದರು, ಅವರನ್ನೂ ಒಪ್ಪಲಿಲ್ಲ. ಭಾರತದಲ್ಲಿ 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ, ಅಂದರೆ ಬಡವರ ಸರ್ಕಾರಿ ಆಸ್ಪತ್ರೆಯಲ್ಲಿ, ಡಾ. ತೆಹೆಮ್‌ಟನ್ ಉದ್ವಾಡಿಯಾ ಪಿತ್ತಕೋಶವನ್ನು ಹೀಗೆ ತೆಗೆಯಲು ಶುರು ಮಾಡಿದರು. ದಿನಗೂಲಿಯವನಿಗೇ ಇದು ಎಲ್ಲರಿಗಿಂತ ಹೆಚ್ಚು ಬೇಕು ಎಂಬುದು ಅವರ ವಾದ. ಅವರು ಹೇಳಿದ್ದು ಗೊರೇಬಾಳದ ಆ ಹೆಣ್ಣುಮಗಳ ಪ್ರಶ್ನೆಯನ್ನೇ.

ಈಗ ಹೊಸ ಸಂಶೋಧನೆಗೆ ಬರೋಣ. ರೋಬಾಟ್ ಬಂದಿದೆ, ಗುರುಗ್ರಾಮದಲ್ಲೇ ತಯಾರಾದ 'ಮಂತ್ರ' ಎಂಬ ಯಂತ್ರವೂ ಇದೆ. ನಮ್ಮ ಜನ ಚಿಕಿತ್ಸೆಗೆಂದು ಬಸ್ಸು ಹತ್ತುವ ಹೈದರಾಬಾದಿನಲ್ಲಿ ಡಾ. ನಾಗೇಶ್ವರ ರೆಡ್ಡಿ ಮತ್ತು ಡಾ. ಜಿ.ವಿ. ರಾವ್ ಎರಡು ದಶಕದ ಹಿಂದೆಯೇ ಬಾಯಿಯ ಮೂಲಕ ಕೊಳವೆ ಇಳಿಸಿ, ಜಠರದ ಗೋಡೆ ದಾಟಿ ಅಪೆಂಡಿಕ್ಸ್ ತೆಗೆದು ಜಗತ್ತನ್ನೇ ಬೆರಗುಗೊಳಿಸಿದರು. ಹೊರಗೆ ಒಂದು ಗಾಯವೂ ಇಲ್ಲ. ಆದರೆ ಆ ಹಾದಿಯಲ್ಲಿ ಬಹಳ ಜನ ನಡೆಯಲಿಲ್ಲ, ತೂತಿನ ಆಪರೇಷನ್ನೇ ಅಷ್ಟು ಸುಲಭವಾಗಿಬಿಟ್ಟಿತ್ತು.

ತಾಲ್ಲೂಕು ಆಸ್ಪತ್ರೆಯ ಕಣ್ಣಿನಿಂದ ನೋಡಿದರೆ ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅನಿಲವಿಲ್ಲದ ಲ್ಯಾಪ್ರೋಸ್ಕೋಪಿ. ಅನಿಲ ತುಂಬಿದರೆ ಸಾಮಾನ್ಯವಾಗಿ ಪೂರ್ತಿ ಪ್ರಜ್ಞೆ ತಪ್ಪಿಸಬೇಕು. ಅದಕ್ಕೆ ಅರಿವಳಿಕೆ ತಜ್ಞರು, ಯಂತ್ರ, ಸಿಲಿಂಡರ್ ಎಲ್ಲ ಬೇಕು. ರಾಶಿ ಮಾಡುವಾಗ ಮಳೆ ಬಂದರೆ ತಾಡಪತ್ರಿಯ ನಡುವೆ ಗಳ ಕೊಟ್ಟು ಎತ್ತುತ್ತೀರಲ್ಲ, ಹಾಗೆ ಹೊಟ್ಟೆಯ ಗೋಡೆಯನ್ನು ಒಂದು ಲೋಹದ ಬಳೆಯಿಂದ ಮೇಲಕ್ಕೆತ್ತಿ ಹಿಡಿಯುವುದು ಈ ಪದ್ಧತಿ. ಬೆನ್ನಿಗೆ ಒಂದು ಇಂಜೆಕ್ಷನ್ ಕೊಟ್ಟರೆ ಸಾಕು, ರೋಗಿ ಎಚ್ಚರವಾಗಿಯೇ ಇರುತ್ತಾರೆ. ಡಾ. ಜೆ. ಜ್ಞಾನರಾಜ್ ಅವರಂಥ ಗ್ರಾಮೀಣ ಸರ್ಜನ್‌ಗಳು ಇದನ್ನು ಈಶಾನ್ಯದ ಗುಡ್ಡಗಾಡಿನಲ್ಲಿ ಮಾಡಿ ತೋರಿಸಿದರು. ಆಮೇಲೆ ದೆಹಲಿಯ ಮೌಲಾನಾ ಆಜಾದ್ ಮೆಡಿಕಲ್ ಕಾಲೇಜಿನವರೂ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದವರೂ ಸೇರಿ ಅದಕ್ಕೆ ಸಾಧನ, ತರಬೇತಿ ರೂಪಿಸಿದ್ದಾರೆ.

ಇನ್ನೊಂದು ಪ್ರಯೋಗ ಹಳೆಯದು, ಆದರೆ ನಮಗೆ ಇವತ್ತಿಗೂ ಹೊಸದು. 1996ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ 200 ಜನರ ಪಿತ್ತಕೋಶ ತೆಗೆದರು. ಕೆಲವರಿಗೆ ದುರ್ಬೀನಿನಿಂದ, ಉಳಿದವರಿಗೆ ಸಣ್ಣದೊಂದು ಕೊಯ್ತದಿಂದ. ಎಲ್ಲರ ಹೊಟ್ಟೆಗೂ ಒಂದೇ ಥರದ ಪಟ್ಟಿ ಅಂಟಿಸಿದ್ದರು, ಯಾರಿಗೆ ಯಾವುದಾಗಿದೆ ಎಂದು ರೋಗಿಗೂ ತಿಳಿಯದು, ನರ್ಸಿಗೂ ತಿಳಿಯದು. ಮನೆಗೆ ಹೋದ ದಿನ, ಚೇತರಿಕೆ ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ! ಹತ್ತಿರದ ಆಸ್ಪತ್ರೆಯಲ್ಲಿ ದುರ್ಬೀನು ಇಲ್ಲದಿದ್ದರೆ, ಕೈಚಳಕವಿರುವ ಸರ್ಜನ್ ಸಣ್ಣ ಕೊಯ್ತದಲ್ಲೇ ಮಾಡುತ್ತೇನೆಂದರೆ, ಅದನ್ನು ಕೀಳೆಂದು ತಿಳಿಯಬೇಡಿ. ಸಣ್ಣ ತೂತಿಗಾಗಿ ಊರೂರು ಅಲೆದು ಸಾಲ ಮಾಡಬೇಡಿ.

ಹಾಗೆಯೇ ಎಲ್ಲದಕ್ಕೂ ತೂತೇ ಒಳ್ಳೆಯದೆಂದೂ ಅಲ್ಲ. ಗರ್ಭಕೊರಳಿನ ಕ್ಯಾನ್ಸರ್ ನಮ್ಮ ಹೆಣ್ಣುಮಕ್ಕಳನ್ನು ಬಹಳ ಕಾಡುತ್ತದೆ. ಆರಂಭದ ಹಂತದಲ್ಲಿ ಅದಕ್ಕೆ ಮಾಡುವ ದೊಡ್ಡ ಆಪರೇಷನ್ನನ್ನು ಎರಡೂ ರೀತಿಯಲ್ಲಿ ಮಾಡಿ ಹೋಲಿಸಿದ ಅಧ್ಯಯನ 2018ರಲ್ಲಿ ಹೊರಬಂತು. ನಾಲ್ಕೂವರೆ ವರ್ಷದ ನಂತರ ರೋಗ ಮರುಕಳಿಸದೆ ಉಳಿದವರು ಹೊಟ್ಟೆ ತೆರೆದವರಲ್ಲಿ ಶೇಕಡ 96.5, ತೂತಿನ ಆಪರೇಷನ್ ಆದವರಲ್ಲಿ ಶೇಕಡ 86. ಸರ್ಜನ್‌ಗಳು ದಂಗಾದರು, ಬಹಳ ಕಡೆ ಹಳೆಯ ರೀತಿಗೇ ಮರಳಿದರು.

ಇನ್ನು ಗರ್ಭಕೋಶದ ಮಾತು. 2015ರ ಸುಮಾರಿಗೆ ಕಲಬುರಗಿ ಕಡೆಯ ತಾಂಡಾಗಳಲ್ಲಿ ಹರೆಯದ ಹೆಣ್ಣುಮಕ್ಕಳ ಗರ್ಭಕೋಶಗಳನ್ನೂ ಬೇಕಿಲ್ಲದೆ ತೆಗೆದ ದೂರು ರಾಜ್ಯವನ್ನೇ ಬೆಚ್ಚಿಬೀಳಿಸಿತು. ನಮ್ಮ ಮಸ್ಕಿ, ಲಿಂಗಸುಗೂರು ಸುತ್ತಲೂ ತಾಂಡಾಗಳಿವೆ. ಬಿಳಿ ಸೆರಗು, ಸೊಂಟನೋವು ಎಂದು ಹೋದಾಗ "ಚಿಕ್ಕ ತೂತು, ನಾಳೆಗೇ ಮನೆಗೆ" ಎಂದು ಯಾರಾದರೂ ಅಂದರೆ, ತಂಗಿಯರೇ, ಮೊದಲು ಕೇಳಿ: ತೆಗೆಯದೆ ಔಷಧಿಯಲ್ಲಿ ಗುಣವಾಗುವುದಿಲ್ಲವೇ? ಇನ್ನೊಬ್ಬ ಡಾಕ್ಟರಿಗೂ ತೋರಿಸಿ. ಖರ್ಚಿನ ವಿಷಯದಲ್ಲಿ, ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ, ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಆ ಹೆಣ್ಣುಮಗಳ ಆಪರೇಷನ್ ಸರಾಗವಾಗಿ ಆಯಿತು. ತೆಗೆದ ಕಲ್ಲುಗಳನ್ನು ಸ್ಟೀಲಿನ ತಟ್ಟೆಗೆ ಸುರಿದಾಗ ಹುರುಳಿಕಾಳು ಸುರಿದ ಸದ್ದಾಯಿತು. ಅತ್ತೆ ಅವನ್ನು ಸಣ್ಣ ಶೀಸೆಯಲ್ಲಿ ಹಾಕಿಸಿಕೊಂಡರು, ಓಣಿಯವರಿಗೆ ತೋರಿಸಬೇಕಂತೆ. ಮರುದಿನ ಸಂಜೆ ಮನೆಗೆ ಕಳಿಸುವಾಗ ಹೇಳಿದ್ದೆ: ನಡೆದಾಡಿ, ಅಡಿಗೆ ಮಾಡಿ, ಮೂರು ವಾರ ಭಾರ ಎತ್ತಬೇಡಿ, ಗಾಯ ಮಾಯುವವರೆಗೆ ಕೆಸರಿಗೆ ಇಳಿಯಬೇಡಿ.

ಎಂಟನೆಯ ದಿನ ಹೊಲಿಗೆ ತೆಗೆಸಿಕೊಳ್ಳಲು ಬಂದರು. ಗಾಯಗಳು ಒಣಗಿದ್ದವು. ಕೈ ನೋಡಿದೆ, ಉಗುರಿನ ಸಂದಿಯಲ್ಲಿ ಕರಿಮಣ್ಣು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅಂದರು, "ಬದುವಿನ ಮ್ಯಾಲ ಕುಂತು ಸಸಿ ಕಟ್ಟು ಕಟ್ಟ್ಯಾಳ್ರೀ ಅಷ್ಟ. ನಾಟಿ ಮಾಡಾಕ ನಾ ಬಿಟ್ಟಿಲ್ಲ."