ಮನೆಯೊಳಕ್ಕೆ ಬಾರದ ಅಲೆ



ಫೋನು ಬಂದೊಡನೆ ಜಗಲಿಗೆ ಓಡುವ ಪಾಡು ಉಡಿಗಾಲದಂಥ ಊರುಗಳಲ್ಲಿರುವ ತಮಗೂ ಪರಿಚಿತವೇ. ಹೆಂಚಿನ ಮನೆಯೊಳಕ್ಕೆ ಸುಲಭವಾಗಿ ನುಸುಳುವ ಅಲೆಯನ್ನು ತಾರಸಿಯ ಕಬ್ಬಿಣದ ಕಂಬಿಯೂ ತಗಡಿನ ಸೂರೂ ತಡೆಯುತ್ತವೆ. ಇದಕ್ಕೆಂದು ಕೆಲವರು ಪೇಟೆಯಿಂದ ‘ಬೂಸ್ಟರ್’ ಕೊಂಡು ತರುವುದುಂಟು. ದಯವಿಟ್ಟು ಅದು ಬೇಡ. ಆ ಯಂತ್ರ ನಮ್ಮ ದನಿಯೊಡನೆ ಗದ್ದಲವನ್ನೂ ಹಿಗ್ಗಿಸಿ ಟವರಿನ ಕಡೆಗೆ ಎಸೆಯುತ್ತದೆ. ಟವರಿನ ಕಿವಿ ಮಂದವಾಗುತ್ತದೆ. ಆಗ ನೆರೆಮನೆಯ ಬಸುರಿಗಾಗಿ 108ಕ್ಕೆ ಮಾಡಿದ ಕರೆಯೂ ನಡುವೆ ಕಡಿದೀತು. ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಕಾನೂನಿಗೂ ವಿರುದ್ಧ.

ಕಂಪೆನಿಯವರು ಫೈಬರ್ ತಂತಿಯೊಡನೆ ತಂದಿಡುವ ವೈಫೈ ಪೆಟ್ಟಿಗೆಯ ಮೂಲಕವೇ ಮಾತು ಸಾಗಬಲ್ಲುದು. 2019ರ ಡಿಸೆಂಬರಿನಲ್ಲಿ ಏರ್‌ಟೆಲ್, 2020ರ ಜನವರಿಯಲ್ಲಿ ಜಿಯೋ ಈ ಸೌಕರ್ಯವನ್ನು ಬೇರೆ ಶುಲ್ಕವಿಲ್ಲದೆ ಆರಂಭಿಸಿದುವು. ಫೋನಿನ ಸೆಟ್ಟಿಂಗಿನಲ್ಲಿ ‘ವೈಫೈ ಕಾಲಿಂಗ್’ ಎಂಬುದನ್ನು ಆನ್ ಮಾಡಿದರಾಯಿತು. ತೀರ ಹಳೆಯ ಫೋನುಗಳಲ್ಲಿ ಅದು ಇರದು. ಪೆಟ್ಟಿಗೆಯನ್ನು ನಡುಮನೆಯಲ್ಲಿ ಎತ್ತರಕ್ಕಿಡಿ. ಕಬ್ಬಿಣದ ಬೀರುವಿನ ಮರೆಗೆ ತಳ್ಳಿ, ಮೇಲೊಂದು ಕಸೂತಿ ಬಟ್ಟೆ ಹೊದಿಸುವುದು ನಮ್ಮವರ ಚಾಳಿ! ಕರೆಂಟು ಹೋದರೆ ಪೆಟ್ಟಿಗೆಯೂ ಮೂಕವಾಗುವುದರಿಂದ ಅದಕ್ಕೊಂದು ಚಿಕ್ಕ ಬ್ಯಾಟರಿ ಇರಲಿ.

ಫೈಬರ್ ಬಾರದ ಬೀದಿಯವರು ಒಟ್ಟಾಗಿ ಫೋನು ಕಂಪೆನಿಗೇ ಬರೆಯಿರಿ. ಅನುಮತಿಯುಳ್ಳ ರಿಪೀಟರನ್ನು ನಿಲ್ಲಿಸುವ ಅಧಿಕಾರ ಅವರಿಗುಂಟು.