ಮೊದಲು ನೀರು, ಕೊನೆಗೆ ಎಣ್ಣೆ

ಬಾಯಿಯಿಂದ ಮದ್ದು ತುಂಬುವ ಕೋವಿ ಮೊದಲ ಸಲ ಕೈಗೆ ಬಂದವರು ಅದನ್ನು ಶುಚಿ ಮಾಡಲು ಕುಳಿತಾಗ ಹುಡುಕುವುದು ಎಣ್ಣೆಯ ಡಬ್ಬಿಯನ್ನು. ನೀರು ತಾಗಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ ಎಂಬುದು ಚಿಕ್ಕಂದಿನಿಂದ ಕೇಳಿದ ಮಾತು. ಹಾಗಾಗಿ ನಳಿಗೆಯೊಳಕ್ಕೆ ನೀರು ಸುರಿಯಿರಿ ಎಂದರೆ ಕೈ ಹಿಂಜರಿಯುತ್ತದೆ. ಈ ಹಿಂಜರಿಕೆಯೇ ಎಷ್ಟೋ ಒಳ್ಳೆಯ ನಳಿಗೆಗಳನ್ನು ಹಾಳು ಮಾಡಿದೆ ಎಂಬುದು ನನ್ನ ವಾದ. ಈ ಬಗೆಯ ಕೋವಿಯ ಇತಿಹಾಸವನ್ನು ಗಮನವಿಟ್ಟು ನೋಡಿದರೆ, ಅದರ ಬಹುಪಾಲು ಮದ್ದು ಉರಿದ ಮೇಲೆ ಉಳಿಯುವ ಮಸಿಯೊಡನೆ ಮನುಷ್ಯ ನಡೆಸಿದ ಹೋರಾಟವೇ ಆಗಿದೆ. ಆ ಹೋರಾಟದಲ್ಲಿ ಕೊನೆಗೂ ಕೈಹಿಡಿದದ್ದು ನೀರು.

ಕರಿಮದ್ದು ಎಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ನೂರರಲ್ಲಿ 75, 15, 10 ಎಂಬುದು ಬಹುಕಾಲದಿಂದ ನಿಂತ ಲೆಕ್ಕ. ಇದು ಉರಿದಾಗ ಎಲ್ಲವೂ ಹೊಗೆಯಾಗಿ ಹಾರಿಹೋಗುತ್ತದೆ ಎಂದು ನಾವು ಭಾವಿಸುತ್ತೇವೆ. ಇಂಗ್ಲೆಂಡಿನ ಆಂಡ್ರ್ಯೂ ನೋಬಲ್ ಮತ್ತು ಫ್ರೆಡರಿಕ್ ಏಬಲ್ ಮದ್ದನ್ನು ಗಟ್ಟಿ ಉಕ್ಕಿನ ಪಾತ್ರೆಯಲ್ಲಿ ಮುಚ್ಚಿ ಉರಿಸಿ, ಉಳಿದದ್ದನ್ನು ತೂಗಿ, 1875ರಲ್ಲಿ ತಮ್ಮ ಲೆಕ್ಕವನ್ನು ಪ್ರಕಟಿಸಿದರು. ತೂಕದಲ್ಲಿ ಸುಮಾರು 43 ಪಾಲು ಮಾತ್ರ ಅನಿಲವಾಗಿತ್ತು. ಮಿಕ್ಕ 57 ಪಾಲು ಘನ ಪದಾರ್ಥ. ಆ ಘನ ಪದಾರ್ಥದಲ್ಲಿ ಹೆಚ್ಚಿನದು ಪೊಟ್ಯಾಸಿಯಂ ಕಾರ್ಬೊನೇಟ್, ಪೊಟ್ಯಾಸಿಯಂ ಸಲ್ಫೇಟ್‌ಗಳಂಥ ಲವಣಗಳು. ಅದರಲ್ಲಿ ಒಂದಷ್ಟು ಬಿಳಿ ಹೊಗೆಯಾಗಿ ಬಾಯಿಂದ ಹೊರಬೀಳುತ್ತದೆ, ಉಳಿದದ್ದು ನಳಿಗೆಯ ಗೋಡೆಗೆ ಅಂಟುತ್ತದೆ. ಈ ಲವಣಗಳಲ್ಲಿ ಕೆಲವು, ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವ ಹಾಗೆ, ಗಾಳಿಯ ತೇವವನ್ನು ಎಳೆದುಕೊಂಡು ಒದ್ದೆಯಾಗುತ್ತವೆ. ಕಬ್ಬಿಣಕ್ಕೆ ಕೇಡು ಮಾಡುವುದು ಆ ಒದ್ದೆ ಲವಣ. ಅವು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತವೆ. ವಾದದ ತಿರುಳು ಇಷ್ಟೇ. ಮುಂದಿನ ಇತಿಹಾಸವೆಲ್ಲ ಇದಕ್ಕೆ ಸಾಕ್ಷಿ.

ನಳಿಗೆಯೊಳಗೆ ಕಾಲುವೆ ಕೊರೆಯುವ ಪದ್ಧತಿ ಸುಮಾರು 1500ರ ಆಸುಪಾಸಿನಲ್ಲಿ ಜರ್ಮನ್ ನಾಡುಗಳಲ್ಲಿ ಕಾಣಿಸಿಕೊಂಡಿತು. ಮೊದಮೊದಲ ಕೆಲವು ನಳಿಗೆಗಳಲ್ಲಿ ಈ ಕಾಲುವೆಗಳು ನೇರವಾಗಿಯೇ ಇದ್ದವು. ಮಸಿ ಕೂರಲು ಜಾಗ ಕೊಡಲೆಂದೇ ಹಾಗೆ ಕೊರೆದರು ಎಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಸುರುಳಿಯಾಗಿ ಕೊರೆದಾಗ ಗುಂಡು ತಿರುಗುತ್ತಾ ಹೋಗಿ ಗುರಿ ನಿಖರವಾಯಿತು, ಅದೇ ರೈಫಲ್. ಇಷ್ಟು ಒಳ್ಳೆಯ ಆಯುಧ ಕೈಯಲ್ಲಿದ್ದೂ ಯುರೋಪಿನ ಸೈನ್ಯಗಳು ಮುನ್ನೂರು ವರ್ಷ ಸಾಮಾನ್ಯ ಪದಾತಿಗೆ ಅದನ್ನು ಕೊಡಲಿಲ್ಲ. ದೊಡ್ಡ ಕಾರಣ ಮಸಿ. ಬ್ರಿಟಿಷರ ಬ್ರೌನ್ ಬೆಸ್ ಮಸ್ಕೆಟ್ಟಿನ ನಳಿಗೆಯ ಅಗಲ ಮುಕ್ಕಾಲು ಇಂಚು, ಗುಂಡು ಸುಮಾರು 0.69 ಇಂಚು. ಆ ಸಡಿಲವನ್ನು ಬೇಕೆಂದೇ ಇಟ್ಟಿದ್ದರು, ಮಸಿ ಕಟ್ಟಿದರೂ ಗುಂಡು ಇಳಿಯಲಿ ಎಂದು. ರೈಫಲ್ಲಿನಲ್ಲಿ ಗುಂಡು ಕಾಲುವೆಯನ್ನು ಬಿಗಿಯಾಗಿ ಕಚ್ಚಬೇಕು. ಕೆಲವು ಹೊಡೆತ ಆದ ಮೇಲೆ ಅದನ್ನು ಒಳಗಿಳಿಸುವುದು ದೊಡ್ಡ ಪಾಡು. ಬ್ರಿಟಿಷ್ ಸೈನ್ಯ 1800ರಲ್ಲಿ ಬೇಕರ್ ರೈಫಲ್ಲನ್ನು ಆರಿಸಿಕೊಂಡಾಗ ಗುಂಡು ಹೊಡೆದು ಇಳಿಸಲು ಸಿಪಾಯಿಗಳಿಗೆ ಮೊದಲಿಗೆ ಮರದ ಸುತ್ತಿಗೆಯನ್ನೂ ಕೊಟ್ಟಿತ್ತು.

ಫ್ರಾನ್ಸಿನ ಮಿನಿಯೇ 1849ರಲ್ಲಿ ಇದಕ್ಕೊಂದು ದಾರಿ ತೋರಿಸಿದ. ಗುಂಡು ನಳಿಗೆಗಿಂತ ತುಸು ಸಣ್ಣದು, ತಳ ಟೊಳ್ಳು. ಸಲೀಸಾಗಿ ಇಳಿಯುತ್ತದೆ, ಮದ್ದು ಸಿಡಿದಾಗ ತಳ ಅರಳಿ ಕಾಲುವೆಯನ್ನು ಕಚ್ಚುತ್ತದೆ. ಬ್ರಿಟಿಷರ 1853ರ ಎನ್‌ಫೀಲ್ಡ್ ರೈಫಲ್ ನಡೆದದ್ದು ಈ ತತ್ವದ ಮೇಲೆ. ಆದರೂ ಮಸಿ ಒಣಗಿ ಗಟ್ಟಿಯಾಗದಂತೆ ಪ್ರತಿ ತೋಟಾದ ಕಾಗದಕ್ಕೆ ಕೊಬ್ಬು, ಜೇನುಮೇಣ ಬೆರೆಸಿದ ಜಿಡ್ಡು ಹಚ್ಚಬೇಕಾಗಿತ್ತು. 1857ರಲ್ಲಿ ನಮ್ಮ ಸಿಪಾಯಿಗಳು ಹಲ್ಲಿನಿಂದ ಕಚ್ಚಲು ಒಲ್ಲೆವೆಂದದ್ದು ಇದೇ ಜಿಡ್ಡನ್ನು. ಜನವರಿಯ ಕೊನೆಗೆ, ಬೇಕಾದ ಜಿಡ್ಡನ್ನು ನೀವೇ ಹಚ್ಚಿಕೊಳ್ಳಿ ಎಂದು ಸರ್ಕಾರ ಹೇಳಿತಾದರೂ ಹೋದ ನಂಬಿಕೆ ಮರಳಲಿಲ್ಲ. ಆ ದಂಗೆಗೆ ರಾಜ್ಯ, ಭೂಮಿ, ಧರ್ಮ, ಸಂಬಳ ಎಂದು ಎಷ್ಟೋ ಆಳವಾದ ಕಾರಣಗಳಿದ್ದವು, ಜಿಡ್ಡೊಂದೇ ಕಾರಣ ಎಂದರೆ ತಪ್ಪಾಗುತ್ತದೆ. ಆದರೆ ಆ ಜಿಡ್ಡು ತೋಟಾದ ಮೇಲೆ ಯಾಕಿತ್ತು ಎಂದು ಕೇಳಿದರೆ ಉತ್ತರ ನಳಿಗೆಯೊಳಗಿನ ಮಸಿಯಲ್ಲಿದೆ.

ಈಗ ಆಕ್ಷೇಪಗಳಿಗೆ ಬರೋಣ. ಒಳ್ಳೆಯ ಎಣ್ಣೆಯನ್ನು ದಪ್ಪವಾಗಿ ಹಚ್ಚಿದರೆ ಗಾಳಿಯೂ ತೇವವೂ ತಾಗುವುದಿಲ್ಲ, ಲವಣ ಉಳಿದರೇನು ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ಸಿಕ್ಕಿದ್ದು 1922ರಲ್ಲಿ. ಶುಚಿ ಮಾಡಿ ಎಣ್ಣೆ ಹಚ್ಚಿಟ್ಟ ರೈಫಲ್ಲುಗಳೂ ಯಾಕೆ ತುಕ್ಕು ಹಿಡಿಯುತ್ತವೆ ಎಂಬುದನ್ನು ಅಮೆರಿಕದ ಗಣಿ ಇಲಾಖೆಯ ವಿಲ್ಬರ್ಟ್ ಹಫ್ ಪರೀಕ್ಷಿಸಿದರು. ಮದ್ದಿಗೆ ಕಿಡಿ ಹೊತ್ತಿಸುವ ಕೇಪಿನೊಳಗಿನ ಕ್ಲೋರೇಟ್ ಉರಿದು ಪೊಟ್ಯಾಸಿಯಂ ಕ್ಲೋರೈಡ್ ಆಗಿ, ಅಂದರೆ ಅಡುಗೆ ಉಪ್ಪಿನ ಹತ್ತಿರದ ನೆಂಟನಾಗಿ, ನಳಿಗೆಯಲ್ಲಿ ಉಳಿಯುತ್ತದೆ. ಎಣ್ಣೆಯ ಪದರದ ಅಡಿಯಲ್ಲೇ ಅದು ತೇವ ಹೀರಿ ಉಕ್ಕನ್ನು ತಿನ್ನುತ್ತದೆ ಎಂದು ತೋರಿಸಿದರು. ಅವರು ನೋಡಿದ್ದು ಹೊಗೆಯಿಲ್ಲದ ಮದ್ದಿನ ಕಾಲದ ಬಂದೂಕುಗಳನ್ನು, ಅದು ನಿಜ. ಆದರೆ ತೇವ ಹೀರುವ ಗುಣ ಕರಿಮದ್ದಿನ ಲವಣಕ್ಕೂ ಇದೆ. ಬ್ರಿಟಿಷ್ ಸಿಪಾಯಿ .303 ರೈಫಲ್ಲಿಗೂ ಆಲಿಕೆಯಿಟ್ಟು ಕುದಿನೀರು ಹೊಯ್ಯುತ್ತಿದ್ದದ್ದು ಈ ಕಾರಣಕ್ಕೇ.

ನೀರೇ ತುಕ್ಕು ತಂದರೆ ಎಂಬುದು ಇನ್ನೊಂದು ಅಂಜಿಕೆ. ಅದರಲ್ಲಿ ಅರ್ಧ ಸತ್ಯವಿದೆ: ಉಳಿದ ನೀರು ತುಕ್ಕು ತರುತ್ತದೆ, ಹೊರಗೆ ಬಂದ ನೀರು ತರುವುದಿಲ್ಲ. ಕುದಿಯುವ ನೀರು ಕೆಲವೊಮ್ಮೆ ಉಕ್ಕಿನ ಮೇಲೆ ತೆಳುವಾದ ಕಂದು ಛಾಯೆ ಬಿಡುತ್ತದೆ ನಿಜ, ಉಗುರುಬೆಚ್ಚಗಿನ ನೀರಾದರೆ ಆ ತೊಂದರೆ ಕಡಿಮೆ. ಎನ್‌ಫೀಲ್ಡಿಗೆ ಒಂದು ಹೊಡೆತಕ್ಕೆ ಹಾಕುತ್ತಿದ್ದ ಮದ್ದು ಸುಮಾರು ನಾಲ್ಕೂವರೆ ಗ್ರಾಂ. ನೋಬಲ್, ಏಬಲ್ಲರ ಲೆಕ್ಕದಂತೆ ಘನ ಶೇಷ ಸುಮಾರು ಎರಡೂವರೆ ಗ್ರಾಂ. ಅಷ್ಟನ್ನು ಕರಗಿಸಲು ಒಂದು ಲೋಟ ನೀರು ಧಾರಾಳ. ಪೂರಾ ಒಂದು ಸರದಿ ಹೊಡೆದಿದ್ದರೆ ನೀರು ಬದಲಿಸುತ್ತಾ ತೊಳೆದರಾಯಿತು.

ಹೊಸಬರು ಎಲ್ಲಕ್ಕಿಂತ ಮೊದಲು ಮಾಡಬೇಕಾದ್ದು ನಳಿಗೆ ಖಾಲಿಯಿದೆಯೇ ಎಂದು ಅಳೆಯುವುದು. ಬಾಯಿಗೆ ಮುಖ ಒಡ್ಡದೆ ಗಜವನ್ನು, ಅಂದರೆ ಗುಂಡು ಇಳಿಸುವ ಸಲಾಕೆಯನ್ನು, ತಳಮುಟ್ಟ ಇಳಿಸಿ, ಬಾಯಿಯ ಅಂಚಿಗೆ ಗುರುತು ಮಾಡಿಕೊಳ್ಳಬೇಕು. ಅದೇ ಗಜವನ್ನು ಹೊರಗೆ ನಳಿಗೆಯ ಪಕ್ಕಕ್ಕೆ, ಗುರುತು ಬಾಯಿಗೆ ಸರಿಯಾಗುವಂತೆ ಹಿಡಿದರೆ ಅದರ ತುದಿ ಕೇಪು ಕೂರುವ ಜಾಗದ ನೇರಕ್ಕೆ ಬರಬೇಕು. ಎರಡು ಬೆರಳು ಮೊದಲೇ ನಿಂತರೆ ಒಳಗೆ ಮದ್ದು ಗುಂಡು ಇದೆ ಎಂದೇ ತಿಳಿಯಬೇಕು. ಆಗ ನೀರಿನ ಮಾತು ಬಿಟ್ಟು ತಿಳಿದವರನ್ನು ಕರೆಯಬೇಕು. ಖಾಲಿ ಎಂದು ಖಾತ್ರಿಯಾದ ಮೇಲೆ, ನಳಿಗೆ ಕಳಚಬಹುದಾದರೆ ಮರದಿಂದ ಕಳಚಿ, ಕೇಪಿನ ನಿಪ್ಪಲ್ ಬಿಚ್ಚಿ, ಆ ತುದಿಯನ್ನು ನೀರಿನ ಬಕೆಟ್ಟಿನಲ್ಲಿಟ್ಟು ಬಟ್ಟೆ ಸುತ್ತಿದ ಗಜವನ್ನು ಮೇಲೆ ಕೆಳಗೆ ಆಡಿಸಿದರೆ ನೀರು ಒಳಗೇರಿ ಇಳಿಯುತ್ತದೆ, ಕಪ್ಪುನೀರು ಹೊರಬರುತ್ತದೆ. ಬುಡದ ತಿರುಪು ಬಿಚ್ಚುವ ಗೋಜಿಗೆ ಹೊಸಬರು ಹೋಗಬಾರದು. ಕಬ್ಬಿಣದ ಗಜ ಬಾಯಿಯ ಅಂಚಿಗೆ ಉಜ್ಜದಂತೆಯೂ ನೋಡಿಕೊಳ್ಳಬೇಕು, ಅಲ್ಲಿ ಕಾಲುವೆ ಸವೆದರೆ ಗುರಿ ಕೆಡುತ್ತದೆ. ಅತಿಯಾಗಿ ಉಜ್ಜುವುದೇ ಕೋವಿಗೆ ಕೇಡು ಎನ್ನುವವರ ಮಾತಿಗೆ ಇರುವ ಬೆಲೆ ಇಷ್ಟು. ಅದು ತೊಳೆಯದಿರಲು ನೆಪವಾಗಬಾರದು. ಆಮೇಲೆ ಒಣಬಟ್ಟೆ, ಬಟ್ಟೆ ಒಣಗಿಯೇ ಹೊರಬರುವ ತನಕ. ಎಣ್ಣೆಯ ಸರದಿ ಅದರ ನಂತರ, ಅದೂ ತೆಳುವಾಗಿ.

ನಮ್ಮ ಮಲೆನಾಡಿನಲ್ಲೂ ಕೊಡಗಿನಲ್ಲೂ ಇದು ಬರೀ ಇತಿಹಾಸವಲ್ಲ. ಪೈರು ಕಾಯಲು ಪರವಾನಗಿ ಪಡೆದ ಒಂಟಿನಳಿಗೆಯ ಕೇಪಿನ ಕೋವಿಗಳು ಇನ್ನೂ ಮನೆಗಳಲ್ಲಿವೆ. ಬಹಳಷ್ಟರೊಳಗೆ ಕಾಲುವೆಯಿಲ್ಲ, ಆದರೆ ಮಸಿ ಅದೇ. ಕೊಡಗಿನಲ್ಲಿ ನಾಟಿಯ ಕಾಲದಲ್ಲಿ ದೇವರ ಕೋಣೆಯಲ್ಲಿಟ್ಟ ಕೋವಿಗಳನ್ನು ಸೆಪ್ಟೆಂಬರ್ 3ರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿಗೆ ಹೊರತೆಗೆದು ತೋಕ್ ಪೂ ಎಂಬ ಹೂವಿನಿಂದ ಅಲಂಕರಿಸುತ್ತಾರೆ. ಇಡೀ ಮುಂಗಾರಿನ ತೇವದಲ್ಲಿ ಸುಮ್ಮನೆ ನಿಂತ ನಳಿಗೆಗೆ, ಒಳಗಿಡುವ ಮೊದಲಿನ ತೊಳೆತವೇ ಆಧಾರ. ಹೊಡೆದ ದಿನವೇ ತೊಳೆದಿದ್ದರೂ ಮಾರನೆಯ ದಿನ ಬಿಳಿ ಬಟ್ಟೆಯೊಂದನ್ನು ಮತ್ತೆ ಇಳಿಸಿ ನೋಡಬೇಕು. ಅದು ಕಂದಾಗಿ ಬಂದರೆ ಎಣ್ಣೆ ಹೆಚ್ಚಿಸಿ ಪ್ರಯೋಜನವಿಲ್ಲ, ಮತ್ತೆ ನೀರಿನಿಂದಲೇ ಶುರು ಮಾಡಬೇಕು.